ಬೇಡ ಎಂದದ್ದು ಯಾರು?

ಇದೆಲ್ಲ ಶುರುವಾದದ್ದು ನಮ್ಮ ಅತ್ತೆ ಬಡಗಿಯನ್ನು ಬೈದ ದಿನ. ಅರಸೀಕೆರೆಯ ಮನೆಗೆ ಹೊಸ ಬಾಗಿಲು ಕೂರಿಸಿದ್ದೆವು. ಅತ್ತೆ ಅದರ ಮುಂದೆ ನಿಂತು, "ಏನಪ್ಪಾ, ಚೌಕಟ್ಟು ಡೊಂಕಾಗೈತೆ, ನಿಂಗೆ ಕಣ್ಣು ಕಾಣಕಿಲ್ವಾ?" ಎಂದರು. ಪಾಪ, ಅವನು ನೂಲು ಹಿಡಿದು ತೋರಿಸಿದ. ಅತ್ತೆಗೆ ನೂಲೂ ಡೊಂಕಾಗಿಯೇ ಕಂಡಿತು. ನನಗೆ ನಗು ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಇದ್ದ ಕಡೆ ಬಿಟ್ಟು ಪಕ್ಕದಲ್ಲಿ ಅವರು ಕೈಯಾಡಿಸುವುದನ್ನು ನೋಡಿದ ಮೇಲೆ ನಗು ಬರಲಿಲ್ಲ.

ಊರಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನೊಳಗಿನ ಪರದೆ ಊದಿಕೊಂಡಿದೆ, ಎಡಗಣ್ಣಿಗೆ ಜಾಸ್ತಿ, ಹಾಸನದ ದೊಡ್ಡ ಆಸ್ಪತ್ರೆಗೆ ಪರದೆಯ ಡಾಕ್ಟರು ಬರುತ್ತಾರೆ, ಅವರಿಗೇ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. "ತಡ ಮಾಡ್ಬೇಡಿ. ಇದರಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ" ಎಂದರು. ಈ ಮಾತನ್ನು ಅವರು ಅತ್ತೆಗಲ್ಲ, ನನಗೆ ಹೇಳಿದರು.

ಆ ಸಂಜೆಯೇ ಹಾಸನಕ್ಕೆ ಫೋನ್ ಮಾಡಿದೆ. ಡಾಕ್ಟರು ವಾರಕ್ಕೊಂದು ದಿನ ಬರುತ್ತಾರೆ, ಸರದಿ ಬಂದಾಗ ನಾವೇ ತಿಳಿಸುತ್ತೇವೆ, ಸುಮ್ಮನೆ ಬಂದು ಕೂರಬೇಡಿ ಎಂದಳು ಅಲ್ಲಿಯ ಹುಡುಗಿ. ನಾನು ಹಳೇಬೀಡಿನ ಶಾಲೆಯಲ್ಲಿ ಪಾಠ ಮಾಡುವವಳು. ತರಗತಿಯಲ್ಲಿ ಫೋನ್ ಎತ್ತುವ ಹಾಗಿಲ್ಲ. ನನ್ನ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಕೂತರೆಂದರೆ ಗದ್ದಲದಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲ. ಹಾಗಾಗಿ ಅತ್ತೆಯ ನಂಬರನ್ನೇ ಕೊಟ್ಟೆ. ಕಣ್ಣು ಮಂಜಾದರೂ ಅವರ ಕಿವಿ ಚುರುಕು.

ವಾರಗಳು ಕಳೆದವು. ಮತ್ತೆ ಫೋನ್ ಮಾಡಿದೆ.

"ಮೇಡಂ, ನಾವು ಮಾಡಿದ್ವಲ್ಲ? ಪೇಷೆಂಟ್ ಬೇಡ ಅಂದ್ರಂತೆ."

"ಬೇಡ ಅಂದಿದ್ಯಾರು?"

"ಗೊತ್ತಿಲ್ಲ ಮೇಡಂ. ಇಲ್ಲಿ ಹಂಗೇ ಹಾಕಿದಾರೆ. ಇನ್ನೊಂದ್ ಸಲ ಬರ್ಕೊಳ್ತೀನಿ."

ಮನೆಗೆ ಬಂದು ಅತ್ತೆಯನ್ನು ಕೇಳಿದೆ. "ಬಂದಿತ್ತು ಕಣಮ್ಮ ಫೋನು. ಅವ್ರಿಗೇ ಪುರಸೊತ್ತಿದ್ದಂಗಿಲ್ಲ, ಇಟ್ಬಿಟ್ರು" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಆಸ್ಪತ್ರೆಯವರು ಇವರೇ ಬೇಡವೆಂದರು ಎನ್ನುತ್ತಾರೆ, ಇವರು ಆಸ್ಪತ್ರೆಯವರಿಗೇ ಬೇಡ ಎನ್ನುತ್ತಾರೆ. ಅತ್ತೆ ಸುಳ್ಳಾಡುವವರಲ್ಲ. ಹಾಗಾದರೆ ಸುಳ್ಳು ಆಸ್ಪತ್ರೆಯದು ಎಂದು ತೀರ್ಮಾನಿಸಿ, ಮತ್ತೊಮ್ಮೆ ಅದೇ ಉತ್ತರ ಬಂದಾಗ ಆ ಹುಡುಗಿಯ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಬೇಲೂರಿನ ಆಸ್ಪತ್ರೆಗೂ ಫೋನ್ ಮಾಡಿದೆ. ಪರದೆ ನೋಡುವವರು ನಮ್ಮಲ್ಲಿಲ್ಲ, ಹಾಸನಕ್ಕೇ ಹೋಗಿ ಎಂದರು. ಅಷ್ಟರಲ್ಲಿ ಅತ್ತೆಗೆ ಎಡಗಣ್ಣಿನಲ್ಲಿ ನನ್ನ ಮುಖದ ನಡುಭಾಗ ಕಾಣುವುದು ನಿಂತಿತ್ತು. "ನಿನ್ನ ಓಲೆ ಕಾಣ್ತವೆ, ಮೂಗೇ ಇಲ್ಲ" ಎಂದು ಅವರೇ ತಮಾಷೆ ಮಾಡಿದರು. ನನಗೆ ಒಳಗೊಳಗೇ ಭಯವಾಗಿತ್ತು.

ಒಂದು ದಿನ ಜ್ವರ ಬಂದು ರಜೆ ಹಾಕಿ ಮಲಗಿದ್ದೆ. ನಡುಮನೆಯಲ್ಲಿ ಅತ್ತೆಯ ಫೋನ್ ಬಡಿದುಕೊಂಡಿತು. ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಅಮ್ಮಾ, ಹಾಸನದ ಆಸ್ಪತ್ರೆಯಿಂದ. ಈ ಗುರುವಾರ ಡಾಕ್ಟರ್ ಬರ್ತಾರೆ. ಬರ್ತೀರಾ?"

"ಅಯ್ಯೋ, ನನಗ್ಯಾಕವ್ವಾ ಈಗ? ವಯಸ್ಸಾದೋಳು, ಹೆಂಗೋ ನಡೀತೈತೆ. ನಿಮಗ್ಯಾಕೆ ತೊಂದ್ರೆ, ಬ್ಯಾಡ ಬಿಡಿ."

"ಬೇಡ್ವಾ? ಸರಿ ಅಮ್ಮ."

ಫೋನ್ ಇಟ್ಟಳು. ನಾನು ಎದ್ದು ಬಂದಾಗ ಅತ್ತೆ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಅವರ ಮುಖ ಸಪ್ಪಗಾಗಿತ್ತು.

"ನೋಡಿದ್ಯಾ? ಇನ್ನೊಂದು ಮಾತು ಕೇಳ್ಲಿಲ್ಲ. ನನ್ನ ನೋಡಾಕೆ ಅವ್ರಿಗೆ ಇಷ್ಟ ಇಲ್ಲ ಕಣೇ."

ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆಂದು ತಿಳಿಯಲಿಲ್ಲ. ನಾನು ಕಣಕಟ್ಟೆ ಕಡೆಯ ರಾಗಿ ಬೆಳೆಯುವವರ ಮನೆಯಿಂದ ಬಂದವಳು. ಹಸಿವಾದರೆ ಹಸಿವು ಎನ್ನುವುದು ನಮ್ಮ ರೂಢಿ. ಅತ್ತೆಯವರದು ವ್ಯಾಪಾರದ ಮನೆತನ. ಅವರಲ್ಲಿ ಊಟಕ್ಕೆ ಏಳಿ ಎಂದರೆ ಮೊದಲು "ಈಗ ತಾನೇ ಆಯ್ತು" ಎನ್ನಬೇಕು, ಮತ್ತೆ ಕೇಳಿದರೆ "ನಿಮಗ್ಯಾಕೆ ತೊಂದ್ರೆ" ಎನ್ನಬೇಕು, ಆಮೇಲೆ ಯಾರಾದರೂ ರಟ್ಟೆ ಹಿಡಿದು ಎಬ್ಬಿಸಿದಾಗ ಏಳಬೇಕು. ಮದುವೆಯಾದ ಹೊಸದರಲ್ಲಿ ಹಾರನಹಳ್ಳಿಯ ನೆಂಟರು ಕಾಫಿ ಕೊಡಲಾ ಎಂದಾಗ ನಾನು ನೇರವಾಗಿ "ಕೊಡಿ" ಎಂದುಬಿಟ್ಟಿದ್ದೆ. ಅತ್ತೆ ವಾಪಸ್ ಬರುವಾಗ ಬಸ್ಸಿನಲ್ಲಿ ಮುಖ ಕೊಟ್ಟು ಮಾತಾಡಿರಲಿಲ್ಲ.

"ಅತ್ತೇ, ಅದು ಬೀಗರ ಮನೆಯಲ್ಲ, ಆಸ್ಪತ್ರೆ! ಒತ್ತಾಯ ಮಾಡೋಕೆ ಅವ್ರಿಗೆ ಹೊತ್ತೆಲ್ಲಿದೆ?"

"ಹೂಂ ಅನ್ನಾಕೆ ನಾಚ್ಕೆ ಆಗಲ್ವೇನೇ? ದೊಡ್ಡ ಡಾಕ್ಟ್ರು ಅಂತೀಯ. ಕರೆದ ತಕ್ಷಣ ಓಡೋಗೋದಾ?"

ಕೂಡಲೇ ವಾಪಸ್ ಫೋನ್ ಮಾಡಿದೆ. ಆ ಗುರುವಾರದ ಜಾಗ ಅಷ್ಟರಲ್ಲೇ ಬೇರೆಯವರಿಗೆ ಹೋಗಿತ್ತು. ಬರುತ್ತೇವೆ, ಖಂಡಿತ ಬರುತ್ತೇವೆ, ಅವರು ಬೇಡ ಎಂದರೂ ಬರುತ್ತೇವೆ ಎಂದು ಗೋಗರೆದೆ. ನಾನು ಕೂಗಾಡಿದ್ದ ಹುಡುಗಿಯೇ ಇರಬೇಕು, ಈ ಸಲ ಖಂಡಿತ ತಾನೇ ಮೇಡಂ ಎಂದು ಕೇಳಿ, ಅದರ ಮುಂದಿನ ವಾರಕ್ಕೆ ಬರೆದುಕೊಂಡಳು.

ಹಾಸನದ ಡಾಕ್ಟರು ನನ್ನ ವಿದ್ಯಾರ್ಥಿಯಾಗಿರಬಹುದಾದಷ್ಟು ಚಿಕ್ಕವರು. ಎರಡೂ ಕಣ್ಣು ನೋಡಿ ದೀಪ ಆರಿಸಿದರು. ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ಉಳಿಸಿಕೊಳ್ಳಬಹುದು, ಎಡಗಣ್ಣಿನಲ್ಲಿ ಕಲೆ ಕಟ್ಟಿಬಿಟ್ಟಿದೆ, ಇನ್ನು ಆಗುವುದಿಲ್ಲ ಎಂದರು. ಆಮೇಲೆ ಬೇಸರದಿಂದಲೇ ಕೇಳಿದರು, "ಯಾಕಮ್ಮಾ ಇಷ್ಟು ತಡ ಮಾಡಿದ್ರಿ? ನಮ್ಮವರು ಅಷ್ಟು ಸಲ ಫೋನ್ ಮಾಡಿದಾರೆ."

ಅತ್ತೆ ಸೆರಗು ಸರಿಮಾಡಿಕೊಂಡು, ದನಿ ಬಂದ ಕಡೆ ಮುಖ ತಿರುಗಿಸಿ ಹೇಳಿದರು:

"ಇನ್ನೊಂದು ಸಲ ಬಾ ಅಂದಿದ್ರೆ ಅವತ್ತೇ ಬತ್ತಿದ್ದೆ ಕಣಪ್ಪಾ."