ದೋಣಿಗೆ ಬ್ರೆಡ್ ಕೊಟ್ಟವನು

ಗೇಶೆ ಲ್ಯೂರ್ಸ್ ಹೊಗೆಮೀನಿನ ಅಂಗಡಿಯವಳು. ಕೀಲ್ ಕೊಲ್ಲಿಯ ದಂಡೆಯ ಹೋಲ್ಮ್‌ವಿಕ್ ಊರಿನಲ್ಲಿ, ಗಂಡ ತೀರಿಕೊಂಡ ಮೇಲೆ ಅವಳೇ ಒಲೆ ಹಚ್ಚುತ್ತಿದ್ದಳು, ಅವಳೇ ಹಾವುಮೀನು ತೂಗುಹಾಕುತ್ತಿದ್ದಳು, ಅವಳೇ ಮಾರುತ್ತಿದ್ದಳು. ಮಾತು ಕಡಿಮೆ, ಆಡಿದರೆ ಮುಳ್ಳು ಸಮೇತ ಎಂದು ಊರವರು ನಗುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, ಹೊಟ್ಟೆಗೆ ಸಾಲದ ಕಾಲದಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ಗೆ ಹೋಗಿ ಕೆಲವು ವರ್ಷ ಮನೆಗೆಲಸ ಮಾಡಿಕೊಂಡು ಬಂದಿದ್ದಳು. ಅಲ್ಲಿ ಕಲಿತ ಇಂಗ್ಲಿಷು ಬೇಸಿಗೆಯ ಪ್ರವಾಸಿಗಳಿಗೆ ಮೀನಿನ ಬೆಲೆ ಹೇಳುವುದಕ್ಕಷ್ಟೇ ಉಳಿದಿತ್ತು.

1984ರ ವಸಂತದಲ್ಲಿ ಆ ಇಂಗ್ಲಿಷಿಗೆ ಬೇರೆಯೇ ಕೆಲಸ ಬಂತು.

ಹಿಂದಿನ ಚಳಿಗಾಲದಲ್ಲಿ ಕ್ಯಾಪ್ಟನ್ ಓಲೆನ್‌ಡಾರ್ಫ್ ಸತ್ತಿದ್ದರು. ಯುದ್ಧದಲ್ಲಿ ಜಲಾಂತರ್ಗಾಮಿ ನಡೆಸಿದವರು, ಆಮೇಲೆ ಬಹಳ ಕಾಲ ಊರಿನ ಬಂದರಿನ ಮೇಲ್ವಿಚಾರಕರಾಗಿದ್ದವರು. ಅವರ ಕಥೆ ಊರಿನ ಮಕ್ಕಳಿಗೂ ಬಾಯಿಪಾಠ. 1942ರಲ್ಲಿ ಅಟ್ಲಾಂಟಿಕ್ ನಡುವೆ 'ಮಾರ್ಸ್‌ಡನ್ ಗ್ರೇಂಜ್' ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿದರು. ಮುಳುಗಿಸಿದವರೇ ಮೇಲೆ ಬಂದು, ಬದುಕುಳಿದವರ ದೋಣಿಯ ಪಕ್ಕಕ್ಕೆ ನಿಂತು, ಬ್ರೆಡ್ಡು ನೀರು ಕೊಟ್ಟು, ನೆಲ ಯಾವ ದಿಕ್ಕಿಗಿದೆ ಎಂದು ತೋರಿಸಿ ಹೋದರು. ಹೊಸದಾಗಿ ಕಟ್ಟಿದ ಬಂದರುಕಟ್ಟೆಗೆ ಅವರ ಹೆಸರಿಡಬೇಕೆಂದು ಪುರಸಭೆಯಲ್ಲಿ ಮಾತಾಯಿತು.

"ಮುಳುಗಿಸಿದವರ ಹೆಸರಿಡೋ ಮುಂಚೆ ಮುಳುಗಿದವರನ್ನೂ ಒಂದು ಮಾತು ಕೇಳೋದು ಬೇಡ್ವಾ?" ಎಂದು ಒಬ್ಬ ಮೇಷ್ಟರು ಕೊಕ್ಕೆ ಹಾಕಿದರು.

ಮೇಯರ್ ಬ್ರೋಡರ್ಸನ್ ಸಭೆಯ ಮೂಲೆಯಲ್ಲಿ ಕೂತಿದ್ದ ಗೇಶೆಯತ್ತ ತಿರುಗಿದರು. ಅವಳೂ ಸದಸ್ಯೆಯೇ. "ಗೇಶೆ, ನಿಂಗೆ ಇಂಗ್ಲಿಷ್ ಬರುತ್ತಲ್ಲ, ಸ್ವಲ್ಪ ವಿಚಾರಿಸಿಬಿಡು. ಆ ಕಡೆಯಿಂದ ಒಬ್ಬ ಮುದುಕ ಬಂದು ರಿಬ್ಬನ್ ಕತ್ತರಿಸಿದ್ರೆ ಪೇಪರ್‌ನೋರೂ ಬರ್ತಾರೆ."

"ನಂದು ಮೀನು ಮಾರೋಳ ಇಂಗ್ಲಿಷು, ಮೇಯರೇ. ಅವರು ಹೇಳಿದ್ದನ್ನ ಹೇಳ್ತೀನಿ. ಮಸಾಲೆ ಹಾಕಕ್ಕೆ ಬರಲ್ಲ."

ಕ್ಯಾಪ್ಟನ್ನರ ಕಥೆಯ ಬಗ್ಗೆ ಅವಳಿಗೆ ಅನುಮಾನವೇನೂ ಇರಲಿಲ್ಲ. ತನ್ನ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕ್ಯಾಪ್ಟನ್ನರೂ ಒಬ್ಬರು. ನ್ಯೂಕಾಸಲ್‌ನ ಹಳೆಯ ಯಜಮಾನಿಯ ಮಗಳು ನಾವಿಕರ ನಡುವೆ ವಿಚಾರಿಸಿ ಒಬ್ಬನನ್ನು ಹುಡುಕಿಕೊಟ್ಟಳು: ಸೌತ್ ಶೀಲ್ಡ್ಸ್‌ನ ವಿಲ್ಫ್ ಗಾರ್ಬಟ್, ಆ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದವನು. ಗೇಶೆ ಅಂಗಡಿಗೆ ಬೀಗ ಹಾಕಿ ಹಡಗು ಹತ್ತಿದಳು.

ವಿಲ್ಫ್ ತನ್ನ ಮನೆಯಲ್ಲಿ ಅವಳನ್ನು ಕೂರಿಸಿ ಚಹಾ ಬಗ್ಗಿಸಿಕೊಟ್ಟ. ಬ್ರೆಡ್ ಕೊಟ್ಟದ್ದು ನಿಜವೇ ಎಂದು ಗೇಶೆ ಕೇಳಿದಳು.

"ಕೊಟ್ರು. ಕಪ್ಪು ಬ್ರೆಡ್ಡು, ಕಲ್ಲಿನ ಹಾಗಿತ್ತು. ನೀರೂ ಕೊಟ್ರು."

ಗೇಶೆಗೆ ಸಮಾಧಾನವಾಯಿತು. ಚೀಲದಿಂದ ಕ್ಯಾಪ್ಟನ್ನರ ಫೋಟೋ ತೆಗೆದಳು. ಜಲಾಂತರ್ಗಾಮಿಯ ಗೋಪುರದ ಮೇಲೆ ನಿಂತ ಹರೆಯದ ಓಲೆನ್‌ಡಾರ್ಫ್. ಗೋಪುರದ ಪಕ್ಕೆಗೆ ಬಿಳಿ ಡಾಲ್ಫಿನ್ನಿನ ಚಿತ್ರ, ಆ ಜಲಾಂತರ್ಗಾಮಿಯ ಗುರುತು. ವಿಲ್ಫ್ ಕನ್ನಡಕ ಏರಿಸಿ ನೋಡಿದ.

"ಇವನಲ್ಲ."

"ಇಷ್ಟು ವರ್ಷ ಆಯ್ತು, ಮುಖ ಮರೆತಿರಬಹುದು ನಿಮಗೆ."

"ಮುಖ ಹಾಳಾಗ್ಲಿ ಕಣಮ್ಮ. ನಾನು ನೋಡಿದ್ದು ಕೆಂಪು ಹುಂಜ. ಗೋಪುರದ ಮೇಲೆ ಇಷ್ಟು ದೊಡ್ಡದಾಗಿ ಬರೆದಿದ್ರು. ನನ್ನ ಜೊತೆಗಾರ ಒಳಗೇ ಬೆಂದುಹೋಗಿದ್ದ. ದೋಣೀಲಿ ಕೂತು ಆ ಹುಂಜನ್ನೇ ದುರುಗುಟ್ಟಿಕೊಂಡು ನೋಡ್ತಿದ್ದೆ. ಬ್ರೆಡ್ ಕೈಗೆ ಬಂದಾಗ ಅವರ ಮುಖಕ್ಕೇ ಎಸೀಬೇಕು ಅನ್ನಿಸ್ತು. ಎಸೀಲಿಲ್ಲ. ತಿಂದೆ."

ಊರಿಗೆ ಬಂದ ಗೇಶೆ ಫ್ರೈಬರ್ಗ್‌ನ ಸೇನಾ ದಾಖಲೆಗಳ ಕಚೇರಿಗೆ ಬರೆದಳು. ಉತ್ತರ ಚುಟುಕಾಗಿತ್ತು: ಆ ಹಡಗು ಮುಳುಗಿದ ತಿಂಗಳು ಪೂರ್ತಿ ಓಲೆನ್‌ಡಾರ್ಫರ ಜಲಾಂತರ್ಗಾಮಿ ಫ್ರಾನ್ಸಿನ ಲೋರಿಯಾಂ ಬಂದರಿನಲ್ಲಿ ರಿಪೇರಿಗೆ ನಿಂತಿತ್ತು. ಅವಳು ಕಾಗದ ಮಡಚಿಟ್ಟು ನೇರ ಹಿನ್ನರ್ಕ್‌ನ ಬಳಿ ಹೋದಳು. ಕ್ಯಾಪ್ಟನ್ನರ ಜಲಾಂತರ್ಗಾಮಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರಲ್ಲಿ ಊರಲ್ಲಿ ಉಳಿದವನು ಅವನೊಬ್ಬನೇ. ಬಿಸಿಲಿಗೆ ಕೂತು ಬಲೆ ಹೆಣೆಯುತ್ತಿದ್ದ.

"ಮೊಯಿನ್, ಹಿನ್ನರ್ಕ್," ಎಂದು ಊರಿನ ರೂಢಿಯಂತೆ ವಂದಿಸಿದಳು. "ಕೆಂಪು ಹುಂಜ ಯಾರದು?"

ಅವನ ಕೈ ನಿಂತಿತು. "ಓಹೋ. ಇಂಗ್ಲೆಂಡಿಗೆ ಹೋಗಿ ಕೋಳಿ ಹಿಡ್ಕೊಂಡು ಬಂದ್ಯಾ?"

"ತಮಾಷೆ ಆಮೇಲೆ. ಹೇಳು."

ಹಿನ್ನರ್ಕ್ ಬಲೆಯನ್ನು ಪಕ್ಕಕ್ಕಿಟ್ಟ. "ಲುಡಾಲ್ಫ್ ಕೆರ್ಸ್ಟಿಂಗ್ ಅಂತ, ಇನ್ನೊಂದು ಸಬ್‌ಮರೀನಿನ ಕ್ಯಾಪ್ಟನ್ನು. ಲೋರಿಯಾಂನಲ್ಲಿ ನಮ್ಮ ಪಕ್ಕಕ್ಕೇ ಬಂದು ಕಟ್ಟಿದ್ರು. ಬ್ರೆಡ್ ಕೊಟ್ಟಿದ್ದನ್ನ ಅವನ ಹುಡುಗ್ರೇ ನಮಗೆ ಹೇಳಿದ್ದು. ಮುಂದಿನ ಸಲ ಹೋದೋರು ಒಬ್ಬರೂ ವಾಪಸ್ ಬರಲಿಲ್ಲ."

"ಅದು ನಮ್ಮ ಕ್ಯಾಪ್ಟನ್ನರ ಕಥೆ ಹೇಗಾಯ್ತು?"

"ಮೊದಮೊದಲು ಅವರು ಕೆರ್ಸ್ಟಿಂಗ್ ಹೆಸರು ಹೇಳೇ ಆ ಕಥೆ ಹೇಳ್ತಿದ್ರು. ಯಾವನೋ ಪೇಪರ್‌ನೋನು ಕೇಳಿಸ್ಕೊಂಡು ತಪ್ಪು ಬರೆದ. ಮಾರನೇ ದಿನ ಬೀದೀಲಿ ಜನ ಕೈ ಕುಲುಕಿದ್ದೇ ಕುಲುಕಿದ್ದು. ಅವತ್ತು ಅಲ್ಲ ಅನ್ನಕ್ಕಾಗಲಿಲ್ಲ. ಅವತ್ತು ಆಗದೇ ಇದ್ದಿದ್ದು ಆಮೇಲೆ ಹೇಗಾಗುತ್ತೆ?"

"ನೀನಾದ್ರೂ ಬಾಯಿ ಬಿಡಬಹುದಿತ್ತು."

"ಬರಿಗೈಲಿ ಬಂದ ನಂಗೆ ಬಂದರಲ್ಲಿ ಕೆಲಸ ಕೊಟ್ಟೋರು ಯಾರು, ಗೇಶೆ? ಅಲ್ಲದೆ, ಸಮುದ್ರದ ತಳದಲ್ಲಿರೋರು ಎದ್ದು ಬಂದು ನಮ್ಮ ಬ್ರೆಡ್ಡು ಅಂತ ಕೇಳ್ತಾರಾ?"

ಗೇಶೆ ಅಂಗಡಿಗೆ ಹಿಂತಿರುಗಿದಳು. ಆ ವಾರ ಎರಡು ಸಲ ಮೀನು ಸೀದುಹೋಯಿತು. ಕ್ಯಾಪ್ಟನ್ನರು ಕೆಟ್ಟವರೆಂದು ಅವಳಿಗೆ ಈಗಲೂ ಅನ್ನಿಸುತ್ತಿರಲಿಲ್ಲ. ಆದರೂ ಸಭೆಯಲ್ಲಿ ಎದ್ದು ನಿಂತು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು. ಹಿನ್ನರ್ಕ್‌ನನ್ನು ಕರೆಸಿ ಕೇಳಿದಾಗ ಅವನು ಟೋಪಿ ತಿರುವುತ್ತಾ ಹೌದೆಂದ.

"ಒಳ್ಳೇ ಕೆಲಸ ಮಾಡಿದೆ ಕಣಮ್ಮ," ಎಂದರು ಮೇಯರ್. "ರಿಬ್ಬನ್ನಿಗೆ ಕಳಿಸಿದ್ರೆ ಬರೀ ಕತ್ತರಿ ತಂದೆ."

ಹೆಸರಿಡುವ ಮಾತು ಅಲ್ಲಿಗೇ ನಿಂತಿತು. ಕಟ್ಟೆಯನ್ನು ಜನ ಹೊಸಕಟ್ಟೆ ಎಂದೇ ಕರೆದರು. ಕ್ಯಾಪ್ಟನ್ನರ ಮನೆಯವರು ಗೇಶೆಯನ್ನು ಕಂಡರೆ ರಸ್ತೆ ದಾಟತೊಡಗಿದರು, ಬೇಸಿಗೆಯೆಲ್ಲ ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಹಾವುಮೀನಿನ ಆಸೆಗೆ ಶರತ್ಕಾಲದ ಹೊತ್ತಿಗೆ ಒಬ್ಬೊಬ್ಬರಾಗಿ ಬಂದರು. ಕ್ಯಾಪ್ಟನ್ನರ ಮನೆಯವರು ಮಾತ್ರ ಬರಲಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸಮುದ್ರದ ತಳದಲ್ಲಿರೋರ ಬಗ್ಗೆ ಹಿನ್ನರ್ಕ್ ಆಡಿದ ಮಾತು ಅವಳನ್ನು ಬಿಡಲಿಲ್ಲ. ಕೆರ್ಸ್ಟಿಂಗ್‌ಗೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿ, ಹೂಸುಮ್ ಎಂಬ ಊರಿನಲ್ಲಿ ಅವನ ಅಕ್ಕ ಆಲ್ಮುಟ್ ಇರುವುದು ತಿಳಿದು, ಒಂದು ಭಾನುವಾರ ಹೋದಳು. ಸೂಲಗಿತ್ತಿಯಾಗಿ ನಿವೃತ್ತಳಾದ, ಮದುವೆಯಾಗದ ಮುದುಕಿ. ಗೇಶೆ ಬ್ರೆಡ್ಡಿನ ಕಥೆ ಹೇಳಿ ಮುಗಿಸುವ ತನಕ ಆಲ್ಮುಟ್ ಕಾಫಿ ಮುಟ್ಟಲಿಲ್ಲ.

"ಬ್ರೆಡ್ ಕೊಟ್ನಾ, ನಮ್ಮ ಲುಡಾಲ್ಫ್? ಮನೇಲಿ ನನ್ನ ತಟ್ಟೇದನ್ನೂ ಕಿತ್ಕೊಂಡು ತಿನ್ನೋನು!" ಎಂದು ನಕ್ಕಳು. ನಗು ಹಾಗೇ ನಿಂತಿತು. "ಆ ಹಡಗಲ್ಲಿ ಎಷ್ಟು ಜನ ಸತ್ರು?"

ಗೇಶೆ ಈ ಪ್ರಶ್ನೆ ಬಾರದಿರಲಿ ಎಂದುಕೊಂಡಿದ್ದಳು. "ಹನ್ನೊಂದು."

"ಅದನ್ನ ಮೊದಲು ಹೇಳ್ಬೇಕಿತ್ತು ನೀವು."

"ಹೌದು. ಹೇಳ್ಬೇಕಿತ್ತು."

ಆಲ್ಮುಟ್ ಕಾಫಿ ಲೋಟ ಪಕ್ಕಕ್ಕೆ ಸರಿಸಿ ಕೇಳಿದಳು, "ಬ್ರೆಡ್ ತಿಂದೋನ ಮನೇಲಿ ಫೋನ್ ಇದೆಯಾ?"

ಇತ್ತು. ಗೇಶೆ ನಂಬರ್ ತಿರುಗಿಸಿ, ಇಬ್ಬರ ನಡುವೆ ಮಾತು ದಾಟಿಸುತ್ತಾ ಕೂತಳು. ಆಲ್ಮುಟ್ ಸತ್ತ ಹನ್ನೊಂದು ಜನರ ಹೆಸರು ಕೇಳಿದಳು. ವಿಲ್ಫ್ ನೆನಪಿದ್ದಷ್ಟನ್ನು ಒಂದೊಂದಾಗಿ ಹೇಳಿದ. ಆಲ್ಮುಟ್ ಒಂದೊಂದನ್ನೂ ಮೆಲ್ಲಗೆ ತಾನೂ ಉಚ್ಚರಿಸಿದಳು.