ಹೇಳಿ ಹಿಡಿದ ಮಾತು

ಈಗಿನ ಫೋನುಗಳು ಬಹಳ ಸಭ್ಯವಾಗಿಬಿಟ್ಟಿವೆ. ಮೊನ್ನೆ ನಮ್ಮ ಕಡೆಯ ಒಂದು ವಾಚನಾಲಯ ತಿಂಗಳುಗಟ್ಟಲೆ ಯಾಕೆ ಮುಚ್ಚಿದೆ ಎಂದು ಕೇಳಲು ಅದರ ಅಧಿಕಾರಿಗೆ ಕರೆ ಮಾಡಿದ್ದೆ. "ಏನಮ್ಮಾ, ನಿನಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಅವರು ಆರಂಭಿಸಿದ್ದರು. ನಾನು ರೆಕಾರ್ಡಿಂಗ್ ಗುಂಡಿ ಒತ್ತಿದೆ. ಕೂಡಲೇ ಹೆಣ್ಣುದನಿಯೊಂದು, ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಎಂದು ಇಬ್ಬರಿಗೂ ಕೇಳುವಂತೆ ಸಾರಿತು. ಆ ಕಡೆ ಗಂಟಲು ಸರಿಪಡಿಸಿಕೊಂಡ ಸದ್ದು. ಆಮೇಲೆ, "ನಮಸ್ಕಾರ್ರೀ ಮೇಡಂ, ಹೇಳ್ರಿ. ತಮ್ಮ ಸೇವೆಗೇ ಅಲ್ಲವೇ ನಾವಿರೋದು?"

ನೀವು ನಗುತ್ತಿದ್ದೀರಿ. ನಾನು ನಗಲಿಲ್ಲ. ಅಂಥ ಎಚ್ಚರಿಕೆಯನ್ನು ನಾನು ಬಹಳ ಹಿಂದೆಯೇ ಒಮ್ಮೆ ಕೇಳಿದ್ದೆ. ಆಗ ಅದನ್ನು ನುಡಿದದ್ದು ಯಂತ್ರವಲ್ಲ, ಅಳತೆಗೆ ಮೀರಿದ ಬಿಳಿ ಅಂಗಿ ತೊಟ್ಟ ನನ್ನ ಕಾಕಾನ ಮಗಳು ಮಾಳಮ್ಮ.

ತೆಲಂಗಾಣ ರಾಜ್ಯವಾದ ಹೊಸತು. ಮಕ್ತಲ್‌ನಿಂದ ಕೃಷ್ಣಾ ಕಡೆಗೆ ಹೋಗುವ ದಾರಿಯಲ್ಲಿರುವ, ಕನ್ನಡವೇ ಮನೆಮಾತಾದ ನಮ್ಮೂರಲ್ಲಿ ಆಗ ಮಾತಿಗೆ ಬರವಿರಲಿಲ್ಲ. ನಾನು ಹೈದರಾಬಾದಿನಲ್ಲಿ ರಾಜ್ಯಶಾಸ್ತ್ರ ಓದಿ, ಪದವಿಯೊಂದನ್ನೂ ಸಿಟ್ಟೊಂದನ್ನೂ ಸಂಪಾದಿಸಿಕೊಂಡು ಮರಳಿದ್ದೆ. ಪದವಿ ಯಾರ ಕಣ್ಣಿಗೂ ಬೀಳಲಿಲ್ಲ, ಸಿಟ್ಟು ಬಿತ್ತು. ರೊಟ್ಟಿ ತಡವಾದರೂ ಇದಕ್ಕೆ ಹೊಣೆ ಯಾರು ಎಂದು ಕೇಳುತ್ತಿದ್ದೆನಂತೆ. "ನಮ್ಮ ಹುಡುಗಿ ವಕೀಲಿಕಿ ಓದಿಲ್ಲ, ಆದ್ರ ಮನ್ಯಾಗ ದಿನಾ ಕೋರ್ಟು ನಡಸ್ತಾಳ," ಎಂದು ಕಾಕಾ ತಮ್ಮ ಕುರಿಗಳಿಗೆ ದೂರು ಹೇಳುತ್ತಿದ್ದರು.

ಆ ವರ್ಷ ರಾಜ್ಯದ ಹುಟ್ಟುಹಬ್ಬದ ದಿನ, ಶಾಲಾ ಸಮಿತಿಯ ಚೇರ್ಮನ್ ನರಸಪ್ಪನವರು ಮೈಕಿನ ಮುಂದೆ ಉಕ್ಕಿಬಂದು, ಹೊಸ ರಾಜ್ಯದ ಹೆಣ್ಣುಮಕ್ಕಳು ಹುಲಿಗಳಾಗಬೇಕು, ಅದಕ್ಕಾಗಿ ಶಾಲೆಯ ಅಂಗಳದಲ್ಲಿ ಸಂಜೆ ಕರಾಟೆ ಕಲಿಸಲಾಗುವುದು ಎಂದು ಘೋಷಿಸಿದರು. ಹುಲಿಗಳ ತರಬೇತಿಗೆ ಗದ್ವಾಲಿನಿಂದ ಜುರಾಲಾ ಅಣೆಕಟ್ಟು ದಾಟಿ ಖಾಜಾ ಮಾಸ್ತರರು ಬಸ್ಸಿನಲ್ಲಿ ಬರತೊಡಗಿದರು. ಅವರು ಗದ್ವಾಲಿನ ಸೀರೆ ಅಂಗಡಿಯೊಂದರಲ್ಲಿ ಮಾರಾಟಗಾರರು. ಮೀಸೆಯ ಮೇಲೆ ವಿಪರೀತ ಪ್ರೀತಿ. ಜರಿ ಸೀರೆಯನ್ನು ಗಿರಾಕಿಯ ಮುಂದೆ ಝಳಪಿಸಿ ಹಾಸುವ ಅದೇ ಕೈಬೀಸಿನಲ್ಲಿ ನಮ್ಮನ್ನೂ ನೆಲಕ್ಕೆ ಹಾಸುತ್ತಿದ್ದರು. ಸೀರೆಯನ್ನಾದರೆ ಮಡಿಸಿ ಮೇಲಿಡುತ್ತಿದ್ದರು; ನಾವು ನಾವಾಗಿಯೇ ಏಳಬೇಕಿತ್ತು.

ಹುಡುಗಿಯರಿಗೆ ಧೈರ್ಯ ತುಂಬಲೆಂದು ನಾನೂ ಸೇರಿಕೊಂಡೆ. ಅವರಿಗೆ ಧೈರ್ಯ ಮೊದಲೇ ಇತ್ತು, ನನಗೆ ಸೊಂಟನೋವು ಬಂತು. ಮೊದಲ ದಿನವೇ ತಕರಾರು. ಪ್ರತಿ ಆಟಕ್ಕೂ ಮುನ್ನ ಎದುರಾಳಿಗೆ ಬಾಗಿ ನಮಸ್ಕರಿಸಬೇಕೆಂದು ಮಾಸ್ತರರು ಹೇಳಿದಾಗ, ವಿಶ್ವವಿದ್ಯಾಲಯದ ನನ್ನ ಬೆನ್ನುಮೂಳೆ ಒಪ್ಪಲಿಲ್ಲ.

"ನಾನು ಯಾರಿಗೂ ತಲೆ ಬಾಗಿಸಂಗಿಲ್ರಿ," ಎಂದೆ.

"ಅಯ್ಯ, ಇದು ಭಕ್ತಿ ಅಲ್ರಿ ಮೇಡಂ," ಮಾಸ್ತರರು ಮೀಸೆ ತಿದ್ದಿದರು. "ಎದ್ರಿಗಿದ್ದಾರಿಗೆ ‘ಹುಷಾರ್, ಬಂದೆ’ ಅಂತ ಹೇಳೋದು. ಹೇಳದ ಹೊಡದ್ರ ಅದು ಕರಾಟೆ ಅಲ್ಲ, ಜೇಬುಗಳ್ಳತನ."

ಎಲ್ಲರೂ ನಕ್ಕರು. ಮಾಳಮ್ಮ ನಗದೆ ಬಾಗಿ ನಮಸ್ಕರಿಸಿದಳು. ಅವಳಿಗೆ ಅದು ಆಟವಾಗಿರಲಿಲ್ಲ. ಹತ್ತನೆಯ ತರಗತಿ ಮುಗಿಸಿದ್ದಳು. ಮುಂದಿನ ಕಾಲೇಜಿಗೆ ದಿನವೂ ಬಸ್ಸು ಬದಲಿಸಿ ನಾರಾಯಣಪೇಟೆಗೆ ಹೋಗಬೇಕು. ಕಾಕಾ ಒಂದು ಷರತ್ತು ಹಾಕಿದ್ದರು: "ಕರಾಟೆ ಪೂರಾ ಕಲತು ಒಬ್ಬಾಕೀನ ಹೋಗಿ ಬರ್ತೀನಂದ್ರ ಕಳಸ್ತೀನಿ. ಇಲ್ಲಂದ್ರ ಬೀರಪ್ಪನಾಣಿ, ಮದ್ವಿ." ಆದ್ದರಿಂದ ಶಾಲೆಯ ಅಂಗಳದ ಒದೆ ಒಂದೊಂದೂ ಅವಳಿಗೆ ಕಾಲೇಜಿನತ್ತ ಇಟ್ಟ ಹೆಜ್ಜೆ.

ಮಳೆಗಾಲ ಜೋರಾಗುವ ಹೊತ್ತಿಗೆ ಅಂಗಳದ ಗೇಟಿಗೆ ಬೀಗ ಬಿತ್ತು. ಕಾಲೆತ್ತಿ ಒದೆಯುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಹಿರಿಯರು ಗೊಣಗಿದ್ದರು. ಚೇರ್ಮನ್‌ರನ್ನು ಕೇಳಿದರೆ, "ಮ್ಯಾಲಿಂದ ಹುಕುಂ ಐತಿ. ಕೀಲಿ ನನ್ನ ಹತ್ರ ಇಲ್ಲ. ಚೂದ್ದಾಂ," ಎಂದರು. ನೋಡೋಣ ಎಂಬರ್ಥದ ಆ ತೆಲುಗು ಪದವನ್ನು ನಮ್ಮ ಕಡೆಯ ಅಧಿಕಾರಸ್ಥರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೂ ಕೊನೆಗೆ ಸೇರಿಸುತ್ತಾರೆ. ಅದರ ನಂತರ ಯಾರೂ ಏನನ್ನೂ ನೋಡಿದ ನೆನಪು ನನಗಿಲ್ಲ.

ನನ್ನ ಸಿಟ್ಟಿಗೆ ಕೊನೆಗೂ ಒಂದು ಉದ್ಯೋಗ ದೊರೆಯಿತು. ಆಗಿನ ಫೋನುಗಳು ಕದ್ದು ಕೇಳಿದರೂ ಕೆಮ್ಮುತ್ತಿರಲಿಲ್ಲ. ರೆಕಾರ್ಡಿಂಗ್ ಚಾಲೂ ಮಾಡಿ, ದುಪಟ್ಟಾದೊಳಗೆ ಅಡಗಿಸಿ, ಒಬ್ಬಳೇ ಚೇರ್ಮನ್‌ರ ಪಡಸಾಲೆಯಲ್ಲಿ ಕುಳಿತೆ. ಅವರು ಚಹಾ ತರಿಸಿದರು, ಎಲೆಯಡಿಕೆ ಹಾಕಿಕೊಂಡರು, ಕೊನೆಗೆ ಮನಸ್ಸು ಬಿಚ್ಚಿದರು: "ನಿನ್ನ ಮುಂದ ಮುಚ್ಚೋದೇನೈತಿ ತಂಗಿ? ಹುಕುಂ ಇಲ್ಲ, ಗಿಕುಂ ಇಲ್ಲ. ಕೀಲಿ ನನ್ನ ಗೂಟಕ್ಕ ಐತಿ. ನಾಳೆ ಇಲೆಕ್ಷನ್ ಬಂದ್ರ ಹಿರ್ಯಾರ ಓಟು ಬೇಕಲ್ಲ!"

ಸತ್ಯ ನನ್ನ ದುಪಟ್ಟಾದಲ್ಲಿತ್ತು. ಆದರೂ ಓದಿದವಳು ನಾನು. ಕಾನೂನು ಕೇಳದೆ ಕ್ರಾಂತಿ ಮಾಡುವುದುಂಟೇ? ಗದ್ವಾಲಿನ ಕೋಟೆಯ ಬಳಿ ಪರಿಚಯದ ವಕೀಲರೊಬ್ಬರಿದ್ದರು. ಹೀಗೆ ಮಾತನ್ನು ಕದ್ದು ಹಿಡಿಯುವುದು ಅಪರಾಧವೇ ಎಂದು ಕೇಳಿದೆ.

"ಇಬ್ರ ಮಾತಿನ್ಯಾಗ ನೀನೂ ಒಬ್ಬಾಕಿ ಇದ್ರ ಒಂದು ಲೆಕ್ಕ," ಎಂದರು. "ಬ್ಯಾರೆಯವರ ಮಾತಿಗೆ ಹೊರಗ ನಿಂತು ಕಿವಿ ಹಚ್ಚಿದ್ರ ಬ್ಯಾರೆ ಲೆಕ್ಕ, ಅದು ಗುನ್ಹೆ. ನಿಂದು ಮೊದಲ್ನೇದು. ಕಾನೂನು ನಿನ್ನ ಹಿಡ್ಯಾಂಗಿಲ್ಲ ಅನ್ಕೋತೀನಿ. ಹಂಗಂತ ಹಾರ ಹಾಕಂಗೂ ಇಲ್ಲ. ಕೋರ್ಟಿಗೆ ತಂದ್ರ ಫೋನ್ ತಾ, ಸರ್ಟಿಫಿಕೇಟ್ ತಾ ಅಂತಾರ. ಅದಿರ್ಲಿ, ಮೊದಲಿಂದ ಪೂರಾ ಕೇಳಿಯೇನು?"

"ಬೇಕಾದ್ದು ಕೇಳೀನ್ರಿ," ಎಂದೆ.

ಅಪರಾಧವಲ್ಲ ಎಂಬುದಷ್ಟೇ ನನ್ನ ಕಿವಿಗೆ ಹೊಕ್ಕಿತ್ತು. ಕಾನೂನಿನ ನಿಷೇಧ ಇಲ್ಲದಿರುವುದನ್ನೇ ಆಶೀರ್ವಾದವೆಂದು ಓದಿಕೊಳ್ಳುವ ಜಾಣ್ಮೆಯನ್ನು ಸರಕಾರಗಳು ಮಾತ್ರವಲ್ಲ, ಅವುಗಳನ್ನು ಬೈಯುವ ನಾವೂ ಚೆನ್ನಾಗಿ ಕಲಿತಿರುತ್ತೇವೆ.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಊರ ಹಿರಿಯರೆಲ್ಲ ಸೇರಿದ್ದ ಒಂದು ಸಂಜೆ, ಫೋನನ್ನು ಭಜನೆಯವರ ಸ್ಪೀಕರಿಗೆ ಜೋಡಿಸಿದೆ. ಚೇರ್ಮನ್ ಮುಂದಿನ ಸಾಲಿನಲ್ಲಿದ್ದರು. ಹೊಣೆಗಾರಿಕೆಯ ಕುರಿತು ಪುಟ್ಟ ಪೀಠಿಕೆ ಹಾಕಿ, ಗುಂಡಿ ಒತ್ತಿದೆ. ಧ್ವನಿಮುದ್ರಣ ಸಹಜವಾಗಿಯೇ ಮೊದಲಿನಿಂದ ಆರಂಭವಾಯಿತು. ಮೊದಲಿಗೆ ಇದ್ದವಳು ನಾನು.

"ಅಣ್ಣಾರ, ನಿಮ್ಮಂಥ ದೊಡ್ಡ ಮನಸ್ಸಿನವರು ಈ ಸೀಮ್ಯಾಗ ಇನ್ನೊಬ್ರು ಇಲ್ರಿ," ಎಂದಿತು ಸ್ಪೀಕರು, ನನ್ನದೇ ಜೇನುದನಿಯಲ್ಲಿ. "ನೀವು ಎಮ್ಮೆಲ್ಲೆ ಆಗಬೇಕಾದವರು. ನಮ್ಮ ಕಾಕಾನ ಮಾತು ಬಿಡ್ರಿ, ಕುರಿ ಬಿಟ್ರ ಅವರಿಗೇನು ತಿಳೀತೈತಿ?"

ಚೇರ್ಮನ್‌ರ ಬಾಯಿ ಬಿಡಿಸಲು ನಾನು ಸುರಿದಿದ್ದ ಎಣ್ಣೆಯಷ್ಟೂ ಈಗ ಕಟ್ಟೆಯ ಮೇಲೆ ಹರಿಯಿತು. ಗುಂಡಿ ಒತ್ತಿ ನಿಲ್ಲಿಸಲು ಹೋದರೆ, "ಇರ್ಲಿ, ಇರ್ಲಿ, ಪೂರಾ ಕೇಳೋಣು!" ಎಂದು ಗದ್ದಲ. ಕೀಲಿಯ ಸತ್ಯ ಬರುವ ಹೊತ್ತಿಗೆ ನಗೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಚೇರ್ಮನ್ ಉದಾರವಾಗಿ ಎದ್ದು ನಿಂತರು. "ಹೊಗಳಿದಾಕಿ ಅಕೀನ, ಹಿಡದಾಕಿ ಅಕೀನ. ನಂದೇನು ತಪ್ಪೈತ್ರೀ?" ಎಂದು ಕೈಮುಗಿದರು. ಕಾಕಾ ಮನೆಗೆ ಬಂದು, "ಕುರಿಗೋಳು ಚಲೋ. ರಿಕಾರ್ಡ್ ಮಾಡಂಗಿಲ್ಲ," ಎಂದರು.

ಅಂದಿನಿಂದ ನಾನು ಹೋದಲ್ಲೆಲ್ಲ ಊರು ಮೂಕವಾಯಿತು. ಚಹಾದ ಅಂಗಡಿಯಲ್ಲಿ ಹವಾಮಾನದ ಮಾತೂ ನಿಲ್ಲುತ್ತಿತ್ತು. ಪಕ್ಕದ ಮನೆಯ ಅವ್ವ, "ಚಪ್ಪಲಿ ಇರ್ಲಿ ಬೇ, ಫೋನ್ ಹೊರಗ ಬಿಟ್ಟು ಬಾ," ಎನ್ನುತ್ತಿದ್ದಳು. ಕಾನೂನಿನ ಕಣ್ಣಲ್ಲಿ ನಾನು ನಿರಪರಾಧಿ. ಊರಿನ ಕಣ್ಣಲ್ಲಿ ಖಾಜಾ ಮಾಸ್ತರರು ಹೇಳಿದ ಜೇಬುಗಳ್ಳಿ. ಗೇಟಿನ ಬೀಗ ಹಾಗೆಯೇ ಇತ್ತು, ಮತ್ತು ಮಾಳಮ್ಮನನ್ನು ನೋಡಲು ಆತಕೂರಿನಿಂದ ಗಂಡಿನ ಕಡೆಯವರು ಬರುವವರಿದ್ದಾರೆಂದು ಅವಳವ್ವ, ನನ್ನ ಚಿಗವ್ವ, ಪಾತ್ರೆ ಬೆಳಗುತ್ತಿದ್ದಳು.

"ಅಕ್ಕಾ, ನಿನ್ನ ಫೋನ್ ಕೊಡು," ಎಂದಳು ಮಾಳಮ್ಮ ಒಂದು ಬೆಳಗ್ಗೆ.

"ಯಾಕ?"

"ನೀ ನಮಸ್ಕಾರ ಮಾಡದ ಹೊಡದಿ. ನಾ ಮಾಡಿ ಹೊಡೀತೀನಿ."

ಚೇರ್ಮನ್‌ರ ಪಡಸಾಲೆಯಲ್ಲಿ ಆಗ ಜನ ಕಿಕ್ಕಿರಿದಿದ್ದರು. ನಾನು ಬಾಗಿಲಾಚೆ ನಿಂತೆ. ಒಳಗೆ ಕರೆಯುವಷ್ಟು ಕೀರ್ತಿ ನನಗೆ ಉಳಿದಿರಲಿಲ್ಲ. ಮಾಳಮ್ಮ ಕರಾಟೆಯ ಬಿಳಿ ಅಂಗಿಯಲ್ಲಿ ನೇರ ಒಳಹೊಕ್ಕು, ಪಾದ ಜೋಡಿಸಿ, ಸೊಂಟದಿಂದ ಬಾಗಿ ನಮಸ್ಕರಿಸಿದಳು. ಫೋನನ್ನು ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿ ಹಿಡಿದಳು.

"ಅಪ್ಪಾರ, ಇದು ಚಾಲೂ ಐತಿ. ಕೆಂಪು ಚುಕ್ಕಿ ನೋಡ್ರಿ. ನೀವು ಏನ್ ಹೇಳ್ತೀರಿ ಅದು ಇದರಾಗ ಇರ್ತೈತಿ. ಹೆಣ್ಣುಮಕ್ಕಳ ಕರಾಟೆ ಬಗ್ಗೆ ಹೇಳ್ರಿ."

ಚೇರ್ಮನ್ ಅವಳನ್ನು ನೋಡಲಿಲ್ಲ, ಕೆಂಪು ಚುಕ್ಕೆಯನ್ನು ನೋಡಿದರು. ಟೋಪಿ ಸರಿಮಾಡಿಕೊಂಡರು. ಎಲೆಯಡಿಕೆ ಉಗುಳಿ ಬಂದರು. ಆಮೇಲೆ ಮೈಕಿನ ಮುಂದೆ ನಿಂತವರಂತೆ ಆರಂಭಿಸಿದರು: ಹೆಣ್ಣು ಅಬಲೆಯಲ್ಲ, ಹೊಸ ರಾಜ್ಯದ ಹುಲಿ, ಅವರಿಗಾಗಿ ತಮ್ಮ ಪ್ರಾಣವೂ ಮೀಸಲು, ಶಾಲೆಯ ಬಾಗಿಲು ಅವರಿಗೆ ಸದಾ ತೆರೆದಿದೆ. ಜನ ಚಪ್ಪಾಳೆ ತಟ್ಟಿದರು.

ಮಾಳಮ್ಮ ಕೈ ಇಳಿಸಲಿಲ್ಲ. "ಭಾಷಣ ಮುಗೀತೇನ್ರಿ?"

"ಮುಗೀತವ್ವ."

"ಹಂಗಾರ ಕೀಲಿ ಕೊಡ್ರಿ."

ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ಚೇರ್ಮನ್‌ರ ಕಣ್ಣು ಚುಕ್ಕೆಯ ಕಡೆಗೂ ಗೂಟದ ಕಡೆಗೂ ಒಂದೊಂದು ಸಲ ಹೋಗಿಬಂತು. ಅಷ್ಟು ಚೆಂದದ ಮಾತಿನ ಕೊನೆಗೆ ‘ಚೂದ್ದಾಂ’ ಎಂದು ಸೇರಿಸಲು ಅವರಿಗೂ ಮನಸ್ಸು ಬರಲಿಲ್ಲವೇನೋ. ಕೀಲಿ ಗೂಟದಿಂದ ಇಳಿಯಿತು.

ಕದ್ದು ಹಿಡಿದ ನಿಜ ತೆರೆಯಲಾರದ ಬೀಗವನ್ನು ಹೇಳಿ ಹಿಡಿದ ಸುಳ್ಳು ತೆರೆದುಬಿಟ್ಟಿತು. ನನ್ನ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಇದು ಎಲ್ಲಿಯೂ ಇರಲಿಲ್ಲ. ಆ ಸಂಜೆ ಅಂಗಳದಲ್ಲಿ ನಾನೂ ಮಾಳಮ್ಮನ ಎದುರು ನಿಂತೆ, ಬೆನ್ನುಮೂಳೆಯ ಅಪ್ಪಣೆ ಕೇಳದೆ ಬಾಗಿದೆ. ಅವಳೂ ಬಾಗಿದಳು. ಮರುಗಳಿಗೆ ನಾನು ಬೆನ್ನಡಿಯಾಗಿ ಬಿದ್ದಿದ್ದೆ. ಆತಕೂರಿನವರು ಬಂದು ಚಹಾ ಕುಡಿದು ಹೋದರು. ಕರಾಟೆ ಪೂರ್ತಿ ಕಲಿತ ಮಾಳಮ್ಮ ನಾರಾಯಣಪೇಟೆಯ ಬಸ್ಸು ಹತ್ತಿದಳು. ಕಾಕಾ ಮೊದಲ ದಿನ ಬಸ್ಸಿನ ಹಿಂದೆ ಸ್ವಲ್ಪ ದೂರ ನಡೆದುಹೋದರಂತೆ. ಕುರಿಗಳು ಆ ಕಡೆ ಹೋಗಿದ್ದವು, ಅದಕ್ಕೆ ಎನ್ನುತ್ತಾರೆ.

ಮೊನ್ನೆಯ ಕರೆಗೆ ಬಂದರೆ, ವಾಚನಾಲಯದ ಅಧಿಕಾರಿ ಇನ್ನೂ ಫೋನಿನಲ್ಲಿಯೇ ಇದ್ದರು. ಯಂತ್ರದ ಹೆಣ್ಣುದನಿ ಅವರಿಗೆ ಕೆಂಪು ಚುಕ್ಕೆಯನ್ನು ತೋರಿಸಿಯಾಗಿತ್ತು. ಓದು ಮನುಷ್ಯನನ್ನು ಹೇಗೆ ಎತ್ತರಿಸುತ್ತದೆ, ಗ್ರಂಥವೆಂದರೆ ಎಂಥ ಜ್ಯೋತಿ, ಸಾರ್ವಜನಿಕರಿಗೆ ವಾಚನಾಲಯದ ಬಾಗಿಲು ಹೇಗೆ ಸದಾ ತೆರೆದಿರಬೇಕು ಎಂದು ಅವರು ಹೇಳುತ್ತಲೇ ಹೋದರು. ಹಿಂದಿನವಳಾಗಿದ್ದರೆ ನಡುವೆ ಬಾಯಿ ಹಾಕಿ ಜಗಳ ತೆಗೆಯುತ್ತಿದ್ದೆ. ಈಗ ಅಡ್ಡ ಬರಲಿಲ್ಲ. ಜ್ಯೋತಿ ಪೂರ್ತಿ ಉರಿಯಲೆಂದು ಕಾದೆ.

"ಮುಗೀತೇನ್ರಿ?" ಎಂದೆ.

"ಹ್ಞೂಂ ಮೇಡಂ, ಇಷ್ಟ."

ನಾನು ಎದ್ದು ನಿಂತೆ. ಅವರಿಗೆ ಕಾಣದಿದ್ದರೂ ಪಾದ ಜೋಡಿಸಿದೆ.

"ಹಂಗಾರ ಹೇಳ್ರಿ, ಕೀಲಿ ಯಾರ ಹತ್ರ ಐತಿ?"