ವಿಮಲಳ ಬಳೆ, ನನ್ನ ಮಣಿಕಟ್ಟು

ಮಾಟ, ಮಂತ್ರ, ದೃಷ್ಟಿ ತಾಗುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ಮುಖದೆದುರೇ ನಗುತ್ತಿದ್ದೆ. ಈಗ ನಂಬುತ್ತೇನೆ ಅಂತಲ್ಲ, ನಗುವುದನ್ನು ಬಿಟ್ಟಿದ್ದೇನೆ ಅಷ್ಟೆ. ಯಾಕೆ ಅಂತ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ನೋಡಿ.

ಅರವತ್ತರ ದಶಕದ ಮಾತು. ನಾವಿದ್ದ ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು, ವಿಮಲ ಇಬ್ಬರೂ ಬಿ.ಎಸ್ಸಿ. ಮುಗಿಸಿ ವಿಲ್ಸನ್ ಗಾರ್ಡನ್ ಕಡೆಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆವು. ಹೋಗಿ ಬರುವುದು ಒಂದೇ ಬಸ್ಸಿನಲ್ಲಿ. ಅಲ್ಲಿ ನಮ್ಮ ಸಾರ್, ಮಸ್ಟರ್ಡ್ ಎಂಬ ವಿಷ ಚರ್ಮಕ್ಕೆ ಏನು ಮಾಡುತ್ತದೆ ಎಂದು ನೋಡುತ್ತಿದ್ದರು. ಮೊದಲನೇ ಮಹಾಯುದ್ಧದಲ್ಲಿ ಸಿಪಾಯಿಗಳ ಮೈಮೇಲೆ ಗುಳ್ಳೆ ಎಬ್ಬಿಸಿತಲ್ಲ, ಅದೇ. ಅಡುಗೆಮನೆಯ ಸಾಸಿವೆಗೂ ಅದಕ್ಕೂ ಹೆಸರು, ವಾಸನೆ ಬಿಟ್ಟರೆ ಯಾವ ನಂಟೂ ಇಲ್ಲ.

ತಾಗಿದಾಗ ಅದು ಉರಿಯುವುದೇ ಇಲ್ಲ. ಸದ್ದಿಲ್ಲದೆ ಕೋಶದೊಳಗೆ ಹೋಗಿ ಡಿಎನ್ಎಯ ಎರಡು ಎಳೆಗಳನ್ನು ಒಂದಕ್ಕೊಂದು ಹೊಲಿದಂತೆ ಕಟ್ಟಿಹಾಕುತ್ತದೆ. ಎಳೆ ಬಿಚ್ಚಿಕೊಳ್ಳದಿದ್ದರೆ ಕೋಶ ಎರಡಾಗುವಂತಿಲ್ಲ. ಆಗ ಅದು ಮಿಕ್ಕ ಕೆಲಸ ನಿಲ್ಲಿಸಿ ರಿಪೇರಿಗೆ ಕೂರುತ್ತದೆ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ತುಂಬಿಕೊಳ್ಳುತ್ತದೆ. ಈ ರಿಪೇರಿಯ ವಿಷಯ ಆಗಿನ್ನೂ ಬಿಸಿಬಿಸಿ ಸುದ್ದಿ. ಪೆಟ್ಟು ಜಾಸ್ತಿಯಾದರೆ ಕೋಶ ಸಾಯುತ್ತದೆ. ಗಂಟೆಗಟ್ಟಲೆ ಕಳೆದ ಮೇಲೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ.

ವಿಮಲಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ಅವಳ ಗಂಡನ ಮನೆಯವರು ಹೆಣ್ಣು ನೋಡಲು ಮೊದಲು ಬಂದದ್ದು ನಮ್ಮ ಮನೆಗೆ. ಕೇಸರಿಬಾತು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು, “ಹುಡುಗಿಗೆ ಬಾಯಿ ಸ್ವಲ್ಪ ಜಾಸ್ತಿ” ಎಂದು ಹೋದವರು ಪಕ್ಕದ ಬೀದಿಯ ವಿಮಲಳನ್ನು ಒಪ್ಪಿಕೊಂಡರು. ಮದುವೆಯಾದ ಮೇಲೆ ಅವಳ ಕೈತುಂಬ ಹಸಿರು ಗಾಜಿನ ಬಳೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ನನ್ನ ಕಿವಿಯ ಪಕ್ಕದಲ್ಲೇ ಗಲಗಲ. ನನಗೆ ಬರಬೇಕಾದ ಬಳೆಗಳು ಎಂದು ದಿನಾ ಅನ್ನಿಸುತ್ತಿತ್ತು.

ಮಸ್ಟರ್ಡ್ ಮುಟ್ಟುವ ಕೋಣೆಗೆ ಬಳೆ ತೊಟ್ಟು ಬರಬಾರದು, ಹನಿ ಬಿದ್ದರೆ ಬಳೆಯ ಅಡಿಯಲ್ಲೇ ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ದಿನವೇ ನಾನು ತೆಗೆದಿಟ್ಟಿದ್ದೆ. ವಿಮಲ ಒಪ್ಪಲಿಲ್ಲ.

“ವರ್ಷ ತುಂಬೋವರ್ಗೂ ಬರಿಗೈಲಿ ಇರಬಾರ್ದಂತೆ ಕಣೆ. ನಮ್ಮತ್ತೆ ಮನೆ ಒಳಗೇ ಸೇರ್ಸಲ್ಲ.”

“ಸಾರ್ ಏನಂತಾರೋ?”

“ಕೋಟಿನ ತೋಳೊಳಗೆ ತಳ್ಳಿ ಲಾಡಿ ಕಟ್ಕೊತೀನಿ ಬಿಡು. ನೀನು ಹೇಳ್ಬೇಡ ಅಷ್ಟೆ.”

ನಾನು ಹೇಳಲಿಲ್ಲ. ಒಂದು ಮಧ್ಯಾಹ್ನ ಲಾಡಿ ಸಡಿಲವಾಗಿ ಬಳೆಗಳು ಗ್ಲೌಸಿನ ಅಂಚಿನವರೆಗೆ ಜಾರಿದವು. ಅದೇ ಹೊತ್ತಿಗೆ ಅವಳ ಕೈಯ ಪಿಪೆಟ್ಟಿನಿಂದ ಒಂದು ಹನಿ ಬಳೆಗಳ ಮೇಲೆ ಬಿತ್ತು.

“ಬುದ್ಧಿ ಇದೆಯೇನಮ್ಮ ನಿಮ್ಗೆ!” ಎಂದು ಕಿರುಚುತ್ತ ಸಾರ್ ಓಡಿಬಂದರು. ತಾವೇ ಇಕ್ಕಳದಿಂದ ಬಳೆಗಳನ್ನು ಜಾರಿಸಿ ಬ್ಲೀಚಿಂಗ್ ಪೌಡರ್ ನೀರಿನ ಬಕೆಟ್ಟಿಗೆ ಹಾಕಿದರು. ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಎಷ್ಟೋ ಹೊತ್ತು ತೊಳೆದರು. ನಾನು ಕೋಣೆಯ ಇನ್ನೊಂದು ತುದಿಯಲ್ಲಿ, ಮೈಕ್ರೋಸ್ಕೋಪಿನ ಮುಂದೆ. ಸಾರ್ ಬಕೆಟ್ಟಿನ ಮುಚ್ಚಳ ಹಾಕಿ, ನಮ್ಮನ್ನು ಹೊರಗೆ ಕಳಿಸಿ, ಬೀಗ ಹಾಕಿ, ಬೀಗದಕೈ ಜೇಬಿಗಿಟ್ಟುಕೊಂಡರು. ಅವಳ ಗಂಡ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದ. ಇದೂ ಅವಳಿಗೇ ಅಂದುಕೊಂಡು ನಾನು ಬಸ್ ಹತ್ತಿದೆ.

ಬೆಳಿಗ್ಗೆ ಎದ್ದಾಗ ನನ್ನ ಬಲಗೈ ತುರಿಸುತ್ತಿತ್ತು. ಮಣಿಕಟ್ಟಿನ ಸುತ್ತ ಬಳೆಯಷ್ಟೇ ಅಗಲದ ಕೆಂಪು ಗೆರೆಗಳು, ಅವುಗಳ ಮೇಲೆ ಸಾಲಾಗಿ ಹಳದಿ ನೀರಿನ ಗುಳ್ಳೆಗಳು. ಬಳೆ ತೊಟ್ಟ ಹಾಗೇ.

ಪ್ರಯೋಗಾಲಯಕ್ಕೆ ಹೋದರೆ ವಿಮಲಳ ಕೈ ಬೆಣ್ಣೆಯ ಹಾಗಿದೆ. ಒಂದು ಚುಕ್ಕೆಯೂ ಇಲ್ಲ. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು.

“ನನ್ನ ಬಳೆ ತೊಟ್ಕೊಂಡ್ಯಾ?”

“ಬಳೆ ಬೀಗದೊಳಗೆ ಇತ್ತಲ್ಲೇ!”

“ಹಂಗಾದ್ರೆ ಇದೆಲ್ಲಿಂದ ಬಂತು? ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?”

ಎಲ್ಲರ ಎದುರಿಗೇ ಕೇಳಿದಳು. ಸಾರ್ ಕೋಣೆಯ ಬೀಗ ತೆಗೆದರು. ಬಕೆಟ್ಟಿನ ಮುಚ್ಚಳ ಹಾಗೇ ಇತ್ತು, ಬಳೆಗಳು ತಳದಲ್ಲೇ ಇದ್ದವು. ಆದರೂ ಅವರು, “ಆಸೆ ಇರೋದು ತಪ್ಪಲ್ಲಮ್ಮ, ನಿಜ ಹೇಳ್ಬಿಡಿ” ಎಂದರು. ಮನೆಯಲ್ಲಿ ಅಮ್ಮ ಕೇಳಲೂ ಇಲ್ಲ. ಬೆಣ್ಣೆ ಹಚ್ಚುತ್ತ ಬೇರೆ ಕಡೆ ನೋಡುತ್ತಿದ್ದಳು. ವಿಮಲ ಬೇರೆ ಬಸ್ ಹಿಡಿಯತೊಡಗಿದಳು. ಮುಟ್ಟದ ಬಳೆಗೆ ಕಳ್ಳಿಯಾದೆ.

ಗಾಳಿಯಲ್ಲಿ ಆವಿ ಬಂದಿರಬಹುದು ಎನ್ನುತ್ತೀರಿ. ಬರಲಿ. ಆದರೆ ಮುಖ, ಕುತ್ತಿಗೆ, ಬೆರಳು ಎಲ್ಲ ಬಿಟ್ಟು ಕೈ ಸುತ್ತ ದುಂಡಗೆ ಗೆರೆ ಎಳೆಯುವ ಆವಿಯನ್ನು ನಾನು ಕಂಡಿಲ್ಲ.

ಗುಳ್ಳೆ ಒಣಗಿತು. ಕೋಶಗಳು ತಮ್ಮ ರಿಪೇರಿ ಮುಗಿಸಿದವು, ಏಟು ಹೇಗೆ ಬಂತು ಎಂದು ಅವು ಕೇಳುವುದಿಲ್ಲ. ಕಂದು ಗೆರೆಗಳು ಮಾತ್ರ ಉಳಿದವು.

ಕೆಲವು ವರ್ಷದ ಮೇಲೆ ನನ್ನ ಮದುವೆಯೂ ಗೊತ್ತಾಯಿತು. ಬಳೆ ತೊಡಿಸಲು ಸಾರಕ್ಕಿಯ ಬಳೆಗಾರ ಬಂದ. ನನ್ನ ಬಲಗೈ ಹಿಡಿದು, ಅಳತೆಯನ್ನೂ ನೋಡದೆ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದ. ಅವು ಆ ಗೆರೆಗಳ ಮೇಲೇ ಹೋಗಿ ಕೂತವು. ಅವನು ತಲೆಯೆತ್ತಿ ಕೇಳಿದ:

“ಏನವ್ವಾ, ಮದ್ವೆ ಬಳೆ ಮೊದ್ಲೇ ಒಂದ್ಸಲ ತೊಟ್ಟಿದ್ದಂಗಿದೆ?”

ಇಲ್ಲ ಎಂದೆ. ಪಕ್ಕದಲ್ಲಿದ್ದ ಅಮ್ಮ ತಲೆ ತಗ್ಗಿಸಿದಳು.